ಕುದುರೆಮುಖದ ಮಳೆಯಲ್ಲಿ ತೊಂಬತ್ತೊಂದನೆಯ ಕೀರ್ತನೆ

ಮಳೆಗಾಲದಲ್ಲಿ ಬೆಟ್ಟಕ್ಕೆ ಹೊರಡುವ ಚರ್ಚಿನ ಗುಂಪು ವ್ಯಾನ್ ಹತ್ತುವ ಮುಂಚೆ ಓದುವುದು ಸಾಮಾನ್ಯವಾಗಿ 91ನೆಯ ಕೀರ್ತನೆಯನ್ನು. ದೇವರು ತನ್ನ ದೂತರಿಗೆ ಅಪ್ಪಣೆ ಕೊಡುತ್ತಾನೆ, ನಿನ್ನ ಕಾಲು ಕಲ್ಲಿಗೆ ತಗಲದ ಹಾಗೆ ಅವರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎನ್ನುವ ಭಾಗ ಬಹಳ ಜನರಿಗೆ ಬಾಯಿಪಾಠ. ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಕೀರ್ತನೆ ಸಿಗಲಾರದು. ಆದರೆ ಸುವಾರ್ತೆಯಲ್ಲಿ ಈ ಸಾಲುಗಳನ್ನು ಎತ್ತಿ ಹೇಳುವವನು ಸೈತಾನ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, ಕೆಳಕ್ಕೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅನ್ನುತ್ತಾನೆ (ಮತ್ತಾಯ 4, ಲೂಕ 4). ಹಾಗೆ ಹೇಳುವಾಗ ಕೀರ್ತನೆಯ ಒಂದು ತುಂಡನ್ನು ಬಿಟ್ಟುಬಿಡುತ್ತಾನೆ. ನಿನ್ನ ಎಲ್ಲ ಮಾರ್ಗಗಳಲ್ಲಿ ಕಾಯುತ್ತಾರೆ ಎಂದು ಕೀರ್ತನೆಯಲ್ಲಿದೆ. ಆ ಮಾರ್ಗದ ಮಾತು ಅವನ ಬಾಯಲ್ಲಿ ಇಲ್ಲ. ನಡೆಯುವವನನ್ನು ದಾರಿಯಲ್ಲಿ ಕಾಯುವುದಾಗಿ ದೇವರ ಮಾತು. ಗೋಪುರದಿಂದ ಹಾರುವವನು ಯಾವ ದಾರಿಯಲ್ಲೂ ಇಲ್ಲ. ಯೇಸು ಕೊಟ್ಟ ಉತ್ತರ ಧರ್ಮೋಪದೇಶಕಾಂಡದ್ದು: ದೇವರನ್ನು ಪರೀಕ್ಷಿಸಬಾರದು.

ಕೆಂಪಗೆ ತುಂಬಿ ಹರಿಯುವ ಹಳ್ಳದ ಮುಂದೆ ನಿಂತಾಗ ಗುಂಪು ಆರಿಸಿಕೊಳ್ಳಬೇಕಾಗಿರುವುದು ಈ ಎರಡರಲ್ಲಿ ಒಂದನ್ನೇ. "ಪ್ರಾರ್ಥನೆ ಮಾಡ್ಕೊಂಡು ಬಂದಿದ್ದೀವಲ್ಲ, ಏನೂ ಆಗಲ್ಲ, ದಾಟೋಣ" ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಅದಕ್ಕೆ ಹಳ್ಳದ ದಂಡೆಯಲ್ಲಿ ನೆನೆಯುತ್ತಾ ಉತ್ತರ ಹುಡುಕಲು ಆಗುವುದಿಲ್ಲ. ಹೊರಡುವ ವಾರಕ್ಕೆ ಮುಂಚೆಯೇ ಮಾತಾಡಿ ಮುಗಿಸಿರಬೇಕು. ಆ ಮಾತುಕತೆಗೆ ಬೇಕಾದ ವಿವರಗಳನ್ನು, ಕುದುರೆಮುಖ ಶಿಖರದ ಒಂದು ದಿನದ ನಡಿಗೆಯನ್ನು ಮುಂದಿಟ್ಟುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಕುದುರೆಮುಖವನ್ನೇ ಆರಿಸಲು ಕಾರಣ ಇದೆ. ಮಂಗಳೂರು, ಉಡುಪಿ, ಚಿಕ್ಕಮಗಳೂರು, ಬೆಂಗಳೂರು ಎಲ್ಲ ಕಡೆಯಿಂದಲೂ ಗುಂಪುಗಳು ಬರುವ ಬೆಟ್ಟ ಇದು. ಎತ್ತರ ಸುಮಾರು 1,890 ಮೀಟರ್. ಸಂಸೆ ಕಡೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಬಂದರೆ ಅಲ್ಲಿಂದ ಹೋಗಿ ಬರಲು 20 ಕಿ.ಮೀ. ಆಸುಪಾಸು. ದಾರಿಯಲ್ಲಿ ಶೋಲಾ ಕಾಡು (ಗುಡ್ಡಗಳ ಸಂದಿಯಲ್ಲಿ ಬೆಳೆಯುವ ದಟ್ಟ ಕಾಡು), ಬಯಲು ಹುಲ್ಲುಗುಡ್ಡ, ಹಳ್ಳಗಳು ಮೂರೂ ಸಿಗುತ್ತವೆ. ಶಿಖರದ ಹತ್ತಿರ ಹಳೆಯ ಕಲ್ಲುಗೋಡೆಗಳ ಅವಶೇಷವಿದೆ. ಚಾರಣಿಗರೆಲ್ಲ ಅದನ್ನು ಚರ್ಚು ಎಂದೇ ಕರೆಯುತ್ತಾರೆ. ಅದನ್ನು ನೋಡಬೇಕು, ಅಲ್ಲಿ ನಿಂತು ಪ್ರಾರ್ಥಿಸಬೇಕು ಎಂಬ ಆಸೆ ಕ್ರೈಸ್ತ ಗುಂಪುಗಳಿಗೆ ಸಹಜ. ಮಳೆಯಲ್ಲಿ ತಪ್ಪು ನಿರ್ಧಾರ ಮಾಡಿಸುವುದೂ ಹಲವು ಸಲ ಇಂಥ ಆಸೆಯೇ.

ಮೊದಲು ಅನುಮತಿ. ಇದು 1987ರಿಂದ ರಾಷ್ಟ್ರೀಯ ಉದ್ಯಾನ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಮಿತಿಮೀರಿ ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ಬುಕಿಂಗಿನ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಆಗಿರಬೇಕು. ಕೊನೆ ಗಳಿಗೆಯಲ್ಲಿ ಬರಲಾಗದವರ ಜಾಗಕ್ಕೆ ಇನ್ನೊಬ್ಬರನ್ನು ಅವರ ಹೆಸರಿನಲ್ಲೇ ಕರೆದೊಯ್ಯುವುದು ಬೇಡ. ಪ್ರಾರ್ಥನೆಯಿಂದ ಶುರುವಾಗುವ ದಿನಕ್ಕೆ ಸುಳ್ಳು ಹೊಂದುವುದಿಲ್ಲ ಎಂಬುದು ಒಂದು ಕಾರಣ. ಸಂಜೆ ಯಾರಾದರೂ ತಪ್ಪಿಸಿಕೊಂಡರೆ ಗೇಟಿನ ಪಟ್ಟಿಯಲ್ಲಿ ಹುಡುಕುವ ಹೆಸರೇ ಬೇರೆಯಾಗಿರುತ್ತದೆ ಎಂಬುದು ಇನ್ನೊಂದು. ಜಿಲ್ಲೆಯಲ್ಲಿ ರೆಡ್ ಅಲರ್ಟ್ ಬಂದರೆ ಚಾರಣ ನಿಲ್ಲಿಸುತ್ತಾರೆ. ಹಾಗಾದಾಗ ಕಟ್ಟಿದ ದುಡ್ಡಿನ ಚಿಂತೆಯಲ್ಲಿ ಅಡ್ಡದಾರಿ ಹುಡುಕದಿರಲು ಮೊದಲೇ ಬದಲಿ ದಿನವೊಂದನ್ನು ಇಟ್ಟುಕೊಳ್ಳಬೇಕು.

ದಿನ ಯಾವುದು? ಭಾನುವಾರ ಬೆಟ್ಟದಲ್ಲೂ ಜನಜಂಗುಳಿ, ಚರ್ಚಿನಲ್ಲೂ ನಮ್ಮ ಜಾಗ ಖಾಲಿ. ಕಥೋಲಿಕರಿಗೆ ಶನಿವಾರ ಸಂಜೆಯ ಬಲಿಪೂಜೆ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ, ಕಥೋಲಿಕ ಸಭೆಯ ಕಾನೂನಿನ (ಕ್ಯಾನನ್) ನಿಯಮ 1248 ಅದಕ್ಕೆ ಅವಕಾಶ ಕೊಡುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಾಗಿಲ್ಲ. ಎರಡೂ ಕಡೆಯ ಗೆಳೆಯರು ಒಟ್ಟಿಗೆ ಹೋಗುವುದಾದರೆ ಶನಿವಾರ ನಡೆದು ಭಾನುವಾರ ಬೆಳಿಗ್ಗೆ ಅವರವರ ಚರ್ಚಿಗೆ ಮುಟ್ಟುವುದು ಒಳ್ಳೆಯದು. ಶಿಖರದ ಮೇಲೆ ಬಲಿಪೂಜೆಯೋ ಕರ್ತನ ಭೋಜನವೋ ನಡೆಸಬೇಕೆಂಬ ಉತ್ಸಾಹ ಮಳೆಗಾಲದಲ್ಲಿ ಬೇಡ. ಗಾಳಿ, ನೀರು, ನಡುಗುವ ಕೈ. ಪರಮಪ್ರಸಾದಕ್ಕೆ ಸಲ್ಲಬೇಕಾದ ಗೌರವವನ್ನು ಅಲ್ಲಿ ಕೊಡಲು ಆಗುವುದಿಲ್ಲ. ಜೊತೆಗೆ ಅರ್ಧ ಗಂಟೆ ನಿಂತಲ್ಲೇ ನಿಂತರೆ ಮೈ ಎಷ್ಟು ತಣ್ಣಗಾಗುತ್ತದೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಗುಂಪು ಹತ್ತು ಹನ್ನೆರಡು ಜನರದ್ದಿರಲಿ, ಅದಕ್ಕಿಂತ ದೊಡ್ಡದು ಬೇಡ. ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು, ಇಬ್ಬರೂ ಅನುಭವಸ್ಥರು. ಕೊನೆಯವರ ಹಿಂದೆ ಯಾರೂ ಉಳಿಯಬಾರದು, ಮುಂದಿನವರನ್ನು ಯಾರೂ ದಾಟಬಾರದು. ಗೈಡ್ ಕಡ್ಡಾಯ, ಅವರು ಆ ಊರಿನವರೇ, ಯಾವ ಹಳ್ಳ ಎಷ್ಟು ಹೊತ್ತಿಗೆ ಏರುತ್ತದೆ ಎಂದು ಬಲ್ಲವರು. ಅವರು ಸಾಕು ಎಂದರೆ ಸಾಕು. ಗುಂಪಿನಲ್ಲಿ ಫಾದರ್ ಇರಲಿ, ಅಯ್ಯನವರು ಇರಲಿ, ಬೆಟ್ಟದ ಮೇಲೆ ಕೊನೆಯ ಮಾತು ಗೈಡಿನದು. ಇದನ್ನು ಹಿರಿಯರೇ ಎಲ್ಲರ ಎದುರು ಮೊದಲೇ ಹೇಳಿಬಿಟ್ಟರೆ ಹುಡುಗರಿಗೆ ವಾದ ಮಾಡಲು ಜಾಗ ಇರುವುದಿಲ್ಲ.

ಸಮಯದ ಲೆಕ್ಕ ಹೀಗೆ. ಒಣ ದಿನದಲ್ಲಿ ಗಂಟೆಗೆ ಮೂರು ಕಿ.ಮೀ. ನಡೆಯುವ ಗುಂಪು ಮಳೆಯಲ್ಲಿ ಏರುಹಾದಿಯಲ್ಲಿ ಎರಡು ನಡೆದರೆ ಹೆಚ್ಚು. ಬೆಳಿಗ್ಗೆ 7ಕ್ಕೆ ಮುಳ್ಳೋಡಿ ಬಿಟ್ಟರೆ ಮೇಲೆ ತಲುಪುವಾಗ 12. ಇಳಿಯುವುದು ಬೇಗ ಆಗುತ್ತದೆ ಎಂಬ ಭರವಸೆ ಬೇಡ. ನೆನೆದ ಹುಲ್ಲಿನ ಮೇಲೆ, ಜಾರುವ ಕೆಮ್ಮಣ್ಣಿನಲ್ಲಿ ಇಳಿಯಲು ನಾಲ್ಕು ಗಂಟೆ ಹಿಡಿಯುತ್ತದೆ. ಮೋಡ ಕವಿದ ದಿನ ಶೋಲಾದೊಳಗೆ ಸಂಜೆ ಐದಕ್ಕೇ ಕತ್ತಲೆ. ಆದ್ದರಿಂದ 12:30ಕ್ಕೆ ಎಲ್ಲಿರುತ್ತೇವೋ ಅಲ್ಲಿಂದ ತಿರುಗುವುದು. ಶಿಖರ ಕಣ್ಣೆದುರು ಇದ್ದರೂ ತಿರುಗುವುದು. ನಡುವೆ ಇನ್ನೊಂದು ಗುರುತು ಇಟ್ಟುಕೊಳ್ಳಬಹುದು. ಒಂಟಿ ಮರ ಎಂದು ಕರೆಯುವ ಜಾಗಕ್ಕೆ 9:30ರೊಳಗೆ ಮುಟ್ಟದಿದ್ದರೆ ಆ ದಿನ ಶಿಖರ ಇಲ್ಲವೆಂದೇ ತಿಳಿದು, ಹುಲ್ಲುಗುಡ್ಡದ ಮೇಲೆ ಒಂದಷ್ಟು ದೂರ ಹೋಗಿ ಆರಾಮವಾಗಿ ಮರಳಬಹುದು. ಈ ಎರಡು ಹೊತ್ತನ್ನೂ ಬೆಳಿಗ್ಗೆ ಪ್ರಾರ್ಥನೆ ಆದ ತಕ್ಷಣ ಜೋರಾಗಿ ಹೇಳಿ. ಪ್ರಾರ್ಥನೆಯ ಜೊತೆಗೇ ಕೇಳಿಸಿಕೊಂಡ ಮಾತಿಗೆ ಮಧ್ಯಾಹ್ನ ಹೆಚ್ಚು ತೂಕ ಇರುತ್ತದೆ.

ಇನ್ನು ಚೀಲ. ಬ್ಯಾಗಿನ ಮೇಲೆ ಹಾಕುವ ರೇನ್ ಕವರ್ ನಂಬಿ ಎಲ್ಲವನ್ನೂ ಒದ್ದೆ ಮಾಡಿಕೊಳ್ಳುವುದು ಅತಿ ಸಾಮಾನ್ಯ. ಕವರ್ ಮೇಲ್ಭಾಗವನ್ನು ಮುಚ್ಚುತ್ತದೆ, ಬೆನ್ನಿಗೆ ತಾಗುವ ಭಾಗವನ್ನು ಮುಚ್ಚುವುದಿಲ್ಲ. ಕುತ್ತಿಗೆಯಿಂದ ಇಳಿದ ನೀರು ಬೆನ್ನಿನ ಕಡೆಯಿಂದ ಒಳಗೆ ಹೋಗಿ ಕವರಿನ ತಳದಲ್ಲೇ ನಿಲ್ಲುತ್ತದೆ. ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿದರೆ ಆ ತೊಂದರೆ ಇಲ್ಲ. ಅದರೊಳಗೆ ಇರಬೇಕಾದ್ದು: ಒಂದು ಜೊತೆ ಒಣ ಬಟ್ಟೆ, ಉಣ್ಣೆಯ ಅಥವಾ ಫ್ಲೀಸ್ ಸ್ವೆಟರ್, ತಲೆಗೆ ಟೋಪಿ, ಟಾರ್ಚ್, ಬ್ಯಾಂಡೇಜ್, ಎರಡು ಪೊಟ್ಟಣ ಓಆರ್‌ಎಸ್, ಸಣ್ಣ ಸೋಪು, ಮೂರು ಮೀಟರ್ ನೈಲಾನ್ ಹಗ್ಗ, ನಾಲ್ಕು ಕೇಬಲ್ ಟೈ. ಹಗ್ಗ ಮತ್ತು ಟೈ ಶೂಗಳಿಗಾಗಿ.

ಶೂ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೀರುವಿನಲ್ಲಿ ನಾಲ್ಕೈದು ವರ್ಷ ಇಟ್ಟ, ನೋಡಲು ಹೊಸದರಂತಿರುವ ಶೂ ಹಾಕಿ ಬಂದವರ ಅಟ್ಟೆ ಮೊದಲ ಹಳ್ಳ ದಾಟುವ ಹೊತ್ತಿಗೆ ಬಾಯಿ ಬಿಡುತ್ತದೆ. ಅಂಟು ಹಳತಾಗಿರುತ್ತದೆ, ಜೊತೆಗೆ ನಡುವಿನ ಪಾಲಿಯುರಿಥೇನ್ ಪದರ ಕರಾವಳಿಯ ತೇವದ ಗಾಳಿಯಲ್ಲಿ ಬಳಸದೆ ಇಟ್ಟರೂ ಒಳಗೊಳಗೇ ಶಿಥಿಲವಾಗಿ ಪುಡಿಯಾಗುತ್ತದೆ. ಹೊರಡುವ ಎರಡು ವಾರ ಮೊದಲೇ ಹಾಕಿ ಮಳೆಯಲ್ಲಿ ಒಂದೆರಡು ಗಂಟೆ ನಡೆದು ನೋಡಿ. ಅಟ್ಟೆ ಕಿತ್ತರೆ ಬೆರಳಿನ ಬುಡದಲ್ಲಿ ಒಂದು, ಪಾದದ ನಡುವೆ ಒಂದು ಕೇಬಲ್ ಟೈ ಬಿಗಿದರೆ ಹೇಗೋ ಇಳಿಯಬಹುದು. ಕೆಸರಿನ ಏರಿಗೆ ಫುಟ್ಬಾಲ್ ಆಡುವ ರಬ್ಬರ್ ಸ್ಟಡ್ ಶೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಪಾಚಿ ಕಟ್ಟಿದ ಬಂಡೆಯ ಮೇಲೆ ಜಾರುತ್ತದೆ. ನೀರು ಒಳಗೆ ಬರದ ಶೂ ಹುಡುಕಿ ದುಡ್ಡು ಸುರಿಯುವುದು ವ್ಯರ್ಥ; ಇಲ್ಲಿ ನೀರು ಮೇಲಿನಿಂದ ಬರುತ್ತದೆ, ಒಳಬಂದ ನೀರು ಹೊರಹೋಗಬೇಕು, ಅಷ್ಟೇ.

ಜೀನ್ಸ್, ಹತ್ತಿ ಟೀ ಶರ್ಟ್ ಬೇಡ. ಮೇಲೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿ ಸೆಲ್ಸಿಯಸ್ ತಗ್ಗುತ್ತದೆ, ಅದರ ಮೇಲೆ ಬೋಳು ಗುಡ್ಡದ ಗಾಳಿ. ನೆನೆದ ಹತ್ತಿ ಮೈಗೆ ಅಂಟಿ ಶಾಖವನ್ನು ಹೀರುತ್ತದೆ, ಒಣಗುವುದೂ ಇಲ್ಲ. ಸಾದಾ ಪಾಲಿಯೆಸ್ಟರ್ ಜೆರ್ಸಿ ಸಾಕು. ನಡೆಯುವಾಗ ಎಲ್ಲರೂ ಹುಷಾರಾಗಿಯೇ ಇರುತ್ತಾರೆ, ಏಕೆಂದರೆ ನಡಿಗೆಯೇ ಶಾಖ ಹುಟ್ಟಿಸುತ್ತದೆ. ಊಟಕ್ಕೋ ಫೋಟೋಗೋ ಇಪ್ಪತ್ತು ನಿಮಿಷ ನಿಂತಾಗ ಶುರುವಾಗುತ್ತದೆ ತೊಂದರೆ. ತಡೆಯಲಾಗದ ನಡುಕ, ಎಡವುವುದು, ಮಾತು ತೊದಲುವುದು, ಸುಮ್ಮನೆ ಮಂಕಾಗಿ ಕೂತುಬಿಡುವುದು. ಈ ಕೊನೆಯ ಲಕ್ಷಣವನ್ನು ಚರ್ಚಿನ ಗುಂಪಿನಲ್ಲಿ ಧ್ಯಾನದಲ್ಲಿದ್ದಾರೆ ಎಂದು ತಿಳಿದು ಬಿಟ್ಟುಬಿಡುವ ಅಪಾಯ ನಿಜಕ್ಕೂ ಇದೆ. ಯಾರಾದರೂ ವಿಚಿತ್ರವಾಗಿ ಮೌನವಾದರೆ ಹೆಸರು ಹಿಡಿದು ಕರೆಯಿರಿ, ನೂರರಿಂದ ಏಳೇಳು ಕಳೆಯುತ್ತಾ ಹೇಳಲು ಕೇಳಿ. ತಡವರಿಸಿದರೆ ಗಾಳಿ ತಾಗದ ಕಡೆ ಕರೆದೊಯ್ದು, ಒದ್ದೆ ಬಟ್ಟೆ ಬಿಚ್ಚಿಸಿ ಒಣದನ್ನು ಹಾಕಿ, ಸಿಹಿ ತಿನ್ನಿಸಿ, ಕೆಳಗಿಳಿಸಿ. ಅದಕ್ಕೇ ಆ ಒಣ ಜೊತೆಯನ್ನು ಮೇಲೆ ತಲುಪಿದ ಖುಷಿಯಲ್ಲಿ ಬಳಸಿಬಿಡಬಾರದು. ಒಣ ಬಟ್ಟೆ ಮರೆತು ಬಂದವರಿಗೆ ಇದ್ದವರು ಕೊಡಬೇಕಾಗುತ್ತದೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಎಂದು ಸ್ನಾನಿಕ ಯೋಹಾನ ಹೇಳಿದ್ದು ಲೂಕ 3ರಲ್ಲಿದೆ. ಆ ಮಾತನ್ನು ಅಕ್ಷರಶಃ ಪಾಲಿಸಲು ಸಿಗುವ ಅಪರೂಪದ ಜಾಗಗಳಲ್ಲಿ ಇದೊಂದು.

ಬುತ್ತಿಗೆ ಬೆಳಿಗ್ಗೆ ಬೇಯಿಸಿದ, ಕೈಯಲ್ಲಿ ಹಿಡಿದು ನಿಂತೇ ತಿನ್ನಬಹುದಾದದ್ದು ಇರಲಿ. ಮುಂಡಕದ ಎಲೆಯಲ್ಲಿ ಬೇಯಿಸಿದ ಮೂಡೆಯೋ ಹಲಸಿನ ಎಲೆಯ ಕೊಟ್ಟೆ ಕಡುಬೋ ಮಳೆಗೆ ಹೇಳಿ ಮಾಡಿಸಿದ್ದು, ಎಲೆಯೇ ಡಬ್ಬಿ. ಜೊತೆಗೆ ಎಣ್ಣೆಯಲ್ಲಿ ಕಲಸಿದ ಚಟ್ನಿಪುಡಿ. ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹಳಸುತ್ತದೆ. ಚಪಾತಿ ಸುರುಳಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ನೆಲಗಡಲೆ ಚಿಕ್ಕಿ. ಚಿತ್ರಾನ್ನದ ಡಬ್ಬಿ ತೆರೆದರೆ ಅದರೊಳಗೆ ಮಳೆ ಬೀಳುತ್ತದೆ. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಮೂತ್ರಕ್ಕೆ ಹೋಗುವ ಅಂಜಿಕೆಯಿಂದ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ; ಇಳಿಯುವಾಗ ಕಾಲು ಹಿಡಿದುಕೊಳ್ಳಲು ಅದೂ ಒಂದು ಕಾರಣವಾಗಬಹುದು. ತಲಾ ಎರಡು ಲೀಟರ್ ಒಯ್ದು, ಅದರಲ್ಲಿ ಒಂದು ಲೀಟರಿಗೆ ಒಂದು ಪೊಟ್ಟಣ ಓಆರ್‌ಎಸ್ ಕಲಸಿ. ಮರೆಯ ಜಾಗ ಬಂದಾಗ ಗಂಡಸರನ್ನು ಮುಂದೆ ಕಳಿಸಿ ಹೆಂಗಸರಿಗೆ ಹತ್ತು ನಿಮಿಷ ಕೊಡುವುದು ಗುಂಪು ನಡೆಸುವವರ ಕೆಲಸ. ಕೇಳುವ ತನಕ ಕಾಯಬಾರದು.

ಇಂಬಳಗಳ (ಕಾಡಿನ ಜಿಗಣೆಗಳ) ಬಗ್ಗೆ ಭಯವೇ ದೊಡ್ಡದು, ಕಾಟ ಚಿಕ್ಕದು. ಅವು ಇರುವುದು ಹೆಚ್ಚಾಗಿ ಕಾಡಿನ ನೆರಳಿನ ದಾರಿಯಲ್ಲಿ, ಎಲೆಗಸದಲ್ಲಿ. ನಿಂತವರನ್ನು ಹತ್ತುತ್ತವೆ, ನಡೆಯುತ್ತಿರುವವರಿಗೆ ಕಡಿಮೆ. ಆದ್ದರಿಂದ ಶೋಲಾದೊಳಗೆ ವಿರಾಮ ಇಲ್ಲ. ಬಂಡೆಯ ಮೇಲೋ ಬಯಲಿನಲ್ಲೋ ನಿಲ್ಲುವುದು. ಪ್ಯಾಂಟಿನ ತುದಿಯನ್ನು ಒತ್ತು ನೇಯ್ಗೆಯ ಉದ್ದ ಕಾಲುಚೀಲದೊಳಗೆ ಸೇರಿಸಿ, ಹೊರಗಿನಿಂದ ಬೇವಿನೆಣ್ಣೆಯಲ್ಲಿ ನೆನೆಸಿದ ನಶ್ಯವನ್ನೋ ಹೊಗೆಸೊಪ್ಪಿನ ಪುಡಿಯನ್ನೋ ಸವರಬಹುದು. ಮಳೆ ಜೋರಾದರೆ ಗಂಟೆಗೊಮ್ಮೆ ಮತ್ತೆ ಬೇಕು. ಕಚ್ಚಿದ ಇಂಬಳಕ್ಕೆ ಉಪ್ಪು ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕುವ ಸಂಭವವಿದೆ. ಸಪೂರ ತುದಿ ಬಾಯಿ. ಅದರ ಪಕ್ಕದಲ್ಲಿ ಚರ್ಮಕ್ಕೆ ಉಗುರು ಒತ್ತಿ ಅಡ್ಡಡ್ಡ ಸರಿಸಿದರೆ ಬಾಯಿ ಬಿಡುತ್ತದೆ, ಆಮೇಲೆ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ ದೂರ ಚಿಮ್ಮಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಗಂಟೆಗಟ್ಟಲೆ ಜಿನುಗಬಹುದು. ಸೋಪು ಹಚ್ಚಿ ತೊಳೆದು, ಹತ್ತು ನಿಮಿಷ ಒತ್ತಿಹಿಡಿದು, ಪಟ್ಟಿ ಹಾಕಿದರಾಯಿತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇಂಥ ನಡಿಗೆಗೆ ಮುಂಚೆ ವೈದ್ಯರನ್ನು ಕೇಳಬೇಕು.

ನಡಿಗೆಯ ವೇಗದಲ್ಲಿ ಗುಂಪುಗಳು ಮಾಡುವ ತಪ್ಪು ಒಂದೇ ಬಗೆಯದು. ಮುಂದಿನವರು ಬೇಗ ಹೋಗಿ ಒಂದು ಕಡೆ ಕೂತು ಕಾಯುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ, ಎಲ್ಲರೂ ಬಂದರಲ್ಲ ಎಂದು ಎದ್ದು ಹೊರಡುತ್ತಾರೆ. ಗಟ್ಟಿಗರಿಗೆ ಹತ್ತು ನಿಮಿಷ ವಿರಾಮ, ಸುಸ್ತಾದವರಿಗೆ ಸೊನ್ನೆ. ಇದು ಐದಾರು ಸಲ ಆದರೆ ಮಧ್ಯಾಹ್ನದ ಹೊತ್ತಿಗೆ ಗುಂಪು ಎರಡು ತುಂಡು. ಆದಿಕಾಂಡ 33ರಲ್ಲಿ ಏಸಾವನು ಜೊತೆಗೇ ಹೋಗೋಣ ಎಂದು ತಮ್ಮನನ್ನು ಕರೆಯುವಾಗ ಯಾಕೋಬ ಕೊಡುವ ಉತ್ತರ ಬೆಟ್ಟ ಹತ್ತಿಸುವವರು ಬರೆದಿಟ್ಟುಕೊಳ್ಳಬೇಕಾದದ್ದು. ಮಕ್ಕಳು ಎಳೆಯರು, ಮರಿಗೆ ಹಾಲೂಡುವ ಕುರಿ ದನಗಳಿವೆ, ಒಂದೇ ದಿನ ಅವಸರದಿಂದ ಹೊಡೆದರೂ ಮಂದೆಯೆಲ್ಲ ಸಾಯುತ್ತದೆ, ಅವುಗಳ ನಡಿಗೆಗೆ ತಕ್ಕಂತೆ, ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ ಅನ್ನುತ್ತಾನೆ. ಯಾಕೋಬನಿಗೆ ಅಣ್ಣನ ಹೆದರಿಕೆಯೂ ಇತ್ತು, ನಿಜ. ಆದರೂ ಕುರಿ ಕಾಯ್ದವನ ಲೆಕ್ಕ ಸುಳ್ಳಲ್ಲ. ಅದನ್ನು ಪಾಲಿಸುವುದು ಹೀಗೆ: ಅತಿ ನಿಧಾನದವರನ್ನು ಮುಂದಿನವರ ಬೆನ್ನಿಗೇ, ಎರಡನೆಯವರಾಗಿ ನಡೆಸಿ. ಅವರ ಉಸಿರು ಮುಂದಿನವರಿಗೆ ಕೇಳಿಸುತ್ತಿರಲಿ. ವಿರಾಮದ ಗಡಿಯಾರ ಕೊನೆಯವರು ಕೂತ ಮೇಲೆ ಶುರುವಾಗಲಿ. ದಾರಿ ಕವಲೊಡೆಯುವ ಕಡೆ, ಪ್ರತಿ ಹಳ್ಳದ ಎರಡೂ ದಡದಲ್ಲಿ ಸಂಖ್ಯೆ ಕೂಗಿ ಎಣಿಸಿ. ಒಂದರಿಂದ ಹನ್ನೆರಡು, ಅವರವರ ಸಂಖ್ಯೆ ಅವರೇ ಕೂಗುವುದು. ಮಂಜಿನಲ್ಲಿ ಕಣ್ಣಿನ ಎಣಿಕೆ ನಂಬುವಂತಿಲ್ಲ. ಬೇರೆ ಗುಂಪಿನವರೂ ಅದೇ ಬಣ್ಣದ ರೇನ್‌ಕೋಟ್ ಹಾಕಿರುತ್ತಾರೆ.

ಈಗ ಹಳ್ಳ. ಬೆಳಿಗ್ಗೆ ಕಣಕಾಲು ಮುಳುಗದ ನೀರು ಮಧ್ಯಾಹ್ನ ಸೊಂಟಕ್ಕೆ ಬರುವುದು ಈ ಬೆಟ್ಟಗಳಲ್ಲಿ ಹೊಸತಲ್ಲ. ಇಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಹುಲ್ಲು ಮತ್ತು ಶೋಲಾದ ಮಣ್ಣು ಬಹಳಷ್ಟನ್ನು ಕುಡಿಯುತ್ತದೆ, ಆದರೆ ಜುಲೈ ಕೊನೆಗೆ ಆ ಮಣ್ಣು ತುಂಬಿ ತುಳುಕುತ್ತಿರುತ್ತದೆ. ಆಮೇಲೆ ಬಿದ್ದದ್ದು ನೇರ ಹಳ್ಳಕ್ಕೆ. ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದದ್ದು ಅರ್ಧ ಗಂಟೆಯಲ್ಲಿ ಕೆಳಗೆ ಬರಬಹುದು. ಹೋಗುವಾಗಲೇ ಪ್ರತಿ ಹಳ್ಳದ ಅಂಚಿನಲ್ಲಿ ನೀರು ಮುಟ್ಟುವ ಕಡೆ ಒಂದು ಕೋಲು ಚುಚ್ಚಿ, ಹತ್ತು ನಿಮಿಷದ ವಿರಾಮದಲ್ಲಿ ಅದು ಎಷ್ಟು ಮುಳುಗಿತು ನೋಡಿ. ಏರುತ್ತಿದ್ದರೆ ಆ ಹಳ್ಳವನ್ನು ದಾಟಿ ಮುಂದೆ ಹೋಗುವುದೇ ಬೇಡ, ಏಕೆಂದರೆ ಸಂಜೆ ಇದೇ ಹಳ್ಳ ನಮ್ಮ ಮತ್ತು ಊರಿನ ನಡುವೆ ಇರುತ್ತದೆ.

ತಿಳಿಯಾಗಿದ್ದ ನೀರು ಕೆಂಪಾಗುವುದು, ಹಸಿ ಎಲೆ ಮತ್ತು ಕಡ್ಡಿ ತೇಲಿಬರುವುದು, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಸದ್ದು ಕೇಳುವುದು, ಇವು ನೀರು ಏರುತ್ತಿರುವ ಗುರುತು. ಒಂದು ಕಡ್ಡಿ ಎಸೆದು ಅದರ ಜೊತೆ ದಂಡೆಯಲ್ಲಿ ನಡೆದು ನೋಡಿ. ನಡೆದು ಹಿಂದಿಕ್ಕಲು ಆಗದಿದ್ದರೆ ಇಳಿಯಬೇಡಿ. ಮೊಣಕಾಲಿಗಿಂತ ಮೇಲೆ, ಸೆಳೆತವೂ ಇದ್ದರೆ ಇಳಿಯಬೇಡಿ. ಕೆಳಗಡೆ ಜಲಪಾತವೋ ಬಂಡೆಗಳ ಸಂದಿಯೋ ಇದ್ದರೆ ಮೊಣಕಾಲಿಗಿಂತ ಕಡಿಮೆ ಇದ್ದರೂ ಬೇಡ. ದಾಟಬಹುದಾದ ನೀರಾದರೆ ಶೂ ಬಿಚ್ಚಬಾರದು, ಚೀಲದ ಸೊಂಟದ ಪಟ್ಟಿ ಬಿಚ್ಚಬೇಕು. ಬಿದ್ದರೆ ಚೀಲ ಕಳಚಿಹೋಗಲಿ, ಮನುಷ್ಯನನ್ನು ಎಳೆದೊಯ್ಯದಿರಲಿ. ಮುಖ ನೀರು ಬರುವ ಕಡೆಗೆ, ಕೈಯಲ್ಲಿ ಕೋಲು, ಒಂದು ಕಾಲು ಗಟ್ಟಿಯಾದ ಮೇಲೆಯೇ ಇನ್ನೊಂದು. ಮೂರು ನಾಲ್ಕು ಜನ ತೋಳಿಗೆ ತೋಳು ಹೆಣೆದು, ಗಟ್ಟಿಗರನ್ನು ನೀರಿನ ಮೇಲ್ಬದಿಗೆ ಇಟ್ಟುಕೊಂಡು ದಾಟುವುದು ಒಬ್ಬೊಬ್ಬರಾಗಿ ದಾಟುವುದಕ್ಕಿಂತ ಭದ್ರ. ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುವುದು ಮಾತ್ರ ತರಬೇತಿ ಇಲ್ಲದವರ ಕೆಲಸವಲ್ಲ. ಬಿದ್ದವರನ್ನು ಆ ಹಗ್ಗವೇ ನೀರಿನಡಿ ಹಿಡಿದಿಡುತ್ತದೆ.

ಮರಳುವಾಗ ಹಳ್ಳ ತುಂಬಿದ್ದರೆ? ಕಾಯುವುದು. ಗುಡ್ಡದ ಹಳ್ಳ ಏರುವಷ್ಟೇ ಬೇಗ ಇಳಿಯಲೂಬಹುದು. ಮಳೆ ಕಡಿಮೆಯಾದರೆ ಒಂದೆರಡು ಗಂಟೆಯಲ್ಲಿ ದಾರಿ ಬಿಡುತ್ತದೆ. ಸ್ವೆಟರ್, ಚಿಕ್ಕಿ, ಟಾರ್ಚ್ ತಂದದ್ದು ಈ ಎರಡು ಗಂಟೆಗಾಗಿ. 91ನೆಯ ಕೀರ್ತನೆಯನ್ನು ಮತ್ತೆ ಓದಲು ತಕ್ಕ ಹೊತ್ತೂ ಇದೇ. ದೂತರ ಕಾವಲು ಇದೆ ಎಂದು ನಂಬುವವರು ದಂಡೆಯ ಮೇಲೆ ಕೂತು ಕಾಯಲು ಹೆದರಬೇಕಾಗಿಲ್ಲ. ಹೆದರಿಕೆಯವರೇ ಅವಸರಪಟ್ಟು ನೀರಿಗಿಳಿಯುತ್ತಾರೆ: ಕತ್ತಲಾಗುತ್ತದೆ, ವ್ಯಾನಿನವ ಬೈಯುತ್ತಾನೆ, ಮನೆಯಲ್ಲಿ ಕೇಳುತ್ತಾರೆ ಎಂಬ ಹೆದರಿಕೆ. ಧೈರ್ಯ ಎಂದು ನಾವು ಹೊಗಳುವುದರಲ್ಲಿ ಇಂಥ ಹೆದರಿಕೆ ಎಷ್ಟಿದೆ ಎಂದು ಯುವಜನರ ಜೊತೆ ಕೂತು ಮಾತಾಡುವುದು ಒಳ್ಳೆಯದು.

ಹೊರಡುವಾಗ ಮಳೆ ನಿಲ್ಲಲಿ ಎಂದು ಪ್ರಾರ್ಥಿಸಬಹುದೇ? ಕೇಳಬಾರದು ಅನ್ನಲಾರೆ. ಆದರೆ ಈ ಬೆಟ್ಟಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. ಇಲ್ಲಿಯ ಮಳೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿಗೆ ಹೋಗಿ ದಾವಣಗೆರೆಯ ಗದ್ದೆಗಳಿಗೆ ನೀರಾಗುತ್ತದೆ. ಅದೇ ಹೊತ್ತಿಗೆ ಕಳಸದ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನ ಹೊಳವಾದರೆ ಸಾಕು ಎಂದು ಮೋಡ ನೋಡುತ್ತಿರುತ್ತಾರೆ. ನೀತಿವಂತರ ಮೇಲೂ ಅನೀತಿವಂತರ ಮೇಲೂ ತಂದೆ ಮಳೆ ಸುರಿಸುತ್ತಾನೆ ಎಂದು ಯೇಸು ಹೇಳಿದ್ದು ಮಳೆಯನ್ನು ಉಪಕಾರವೆಂದು ಎಣಿಸಿಯೇ. ಒಂದು ರಜೆಯ ದಿನಕ್ಕಾಗಿ ಅದನ್ನು ತಡೆಯಲು ಕೇಳುವ ಬದಲು, ಮಳೆಯಲ್ಲಿ ನಡೆಯಲು ಬೇಕಾದ ತಾಳ್ಮೆಯನ್ನೂ ತಿರುಗಬೇಕಾದಾಗ ತಿರುಗುವ ಬುದ್ಧಿಯನ್ನೂ ಕೇಳುವ ಪ್ರಾರ್ಥನೆ ನನಗೆ ಹೆಚ್ಚು ಸರಿ ಕಾಣುತ್ತದೆ.

ಬೆಟ್ಟದ ಮೇಲಿನ ಪ್ರಾರ್ಥನೆ ಐದು ನಿಮಿಷ ಸಾಕು. ಬೈಬಲಿನ ತೆಳು ಹಾಳೆ ಒದ್ದೆಯಾದರೆ ಒಂದಕ್ಕೊಂದು ಅಂಟಿಬಿಡುತ್ತದೆ. ಮೊಬೈಲಿನ ಪರದೆ ನೆನೆದ ಬೆರಳಿಗೆ ಓಗೊಡುವುದಿಲ್ಲ. ಓದಬೇಕಾದ ಭಾಗವನ್ನು ದಪ್ಪ ಅಕ್ಷರದಲ್ಲಿ ಬರೆದು ಜಿಪ್ ಕವರಿನೊಳಗೆ ಇಟ್ಟು ತನ್ನಿ. 29ನೆಯ ಕೀರ್ತನೆ ಇಲ್ಲಿಗೆ ಹೊಂದುತ್ತದೆ. ನೀರುಗಳ ಮೇಲೆ ಕರ್ತನ ಧ್ವನಿ, ದೇವದಾರುಗಳನ್ನು ಮುರಿಯುವ ಧ್ವನಿ, ಕಾಡನ್ನು ಬರಿದುಮಾಡುವ ಧ್ವನಿ. ಕೋಣೆಯಲ್ಲಿ ಕೂತು ಓದುವಾಗ ಅಲಂಕಾರದಂತೆ ಕಾಣುವ ಸಾಲುಗಳು ಅಲ್ಲಿ ಸುತ್ತಲಿನ ವರದಿಯಾಗುತ್ತವೆ. ಕೀರ್ತನೆ ಮುಗಿಯುವುದು ಸಮಾಧಾನದ ಮಾತಿನಲ್ಲಿ. ಅಷ್ಟು ತನಕ ಓದಿ ನಿಲ್ಲಿಸಿ. ಹಾಡುಗಳನ್ನು ಜೀಪಿಗೆ, ಹೋಮ್‌ಸ್ಟೇಗೆ ಉಳಿಸಿಕೊಳ್ಳಿ. ಸಿಂಗಳೀಕಗಳ ಕಾಡಿನಲ್ಲಿ ಗಿಟಾರೂ ಬ್ಲೂಟೂತ್ ಸ್ಪೀಕರೂ ಬೇಡ. ಅದು ಇಲಾಖೆಯ ನಿಯಮ ಎಂಬುದಕ್ಕಿಂತ ಹೆಚ್ಚಾಗಿ, ನಾವು ಬಂದದ್ದು ಕೇಳಿಸಿಕೊಳ್ಳಲು.

ಆ ಕಲ್ಲುಗೋಡೆಗಳ ಹತ್ತಿರ ಹೋದಾಗ ಮೇಲೆ ಹತ್ತಬೇಡಿ. ನೆನೆದ ಹಳೆ ಗೋಡೆಯ ಕಲ್ಲು ಮೈಭಾರಕ್ಕೆ ಕಳಚುತ್ತದೆ, ಬಿದ್ದವರ ಕಾಲು ಮುರಿದರೆ ಹತ್ತು ಕಿ.ಮೀ. ಹೊತ್ತು ಇಳಿಸಬೇಕು. ಅಲ್ಲಿ ಶಿಲುಬೆ ನೆಡುವುದು, ಮೇಣದ ಬತ್ತಿ ಹಚ್ಚುವುದು, ಹೆಸರು ಕೊರೆಯುವುದು ಯಾವುದೂ ಬೇಡ. ಇದು ಮಲೆಕುಡಿಯರು ತಲೆಮಾರುಗಳಿಂದ ಬಾಳಿದ, ಅವರ ದೈವಗಳೂ ಇರುವ ಕಾಡು. ಅತಿಥಿಗಳಾಗಿ ಬಂದವರು ಗುರುತು ಬಿಟ್ಟು ಹೋಗುವ ಹಕ್ಕು ಇಟ್ಟುಕೊಂಡಿಲ್ಲ. ಚಾಕೊಲೇಟ್ ಕಾಗದ, ಓಆರ್‌ಎಸ್ ಪೊಟ್ಟಣ, ಮೊಟ್ಟೆಯ ಸಿಪ್ಪೆ ಸಮೇತ ವಾಪಸು ಬರಲಿ. ಪೋಪ್ ಫ್ರಾನ್ಸಿಸ್ 2015ರಲ್ಲಿ ಸೃಷ್ಟಿಯ ಪಾಲನೆಯ ಬಗ್ಗೆ 'ಲೌದಾತೋ ಸಿ' ಎಂಬ ವಿಶ್ವಪತ್ರ ಹೊರಡಿಸಿ, ಅದೇ ವರ್ಷ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವಾಗಿ ಸೇರಿಸಿದರು. ಆರ್ಥೊಡಾಕ್ಸ್ ಸಭೆ ಅದನ್ನು 1989ರಿಂದಲೇ ಆಚರಿಸುತ್ತಿತ್ತು. ಆ ದಿನಕ್ಕೆ ಚರ್ಚಿನಲ್ಲಿ ಗಿಡ ನೆಡುವ ಗುಂಪುಗಳು ಆಗಸ್ಟಿನ ನಡಿಗೆಯಲ್ಲಿ ಒಂದೊಂದು ಚೀಲ ಹೆಚ್ಚಿಗೆ ತಂದು ದಾರಿಯಲ್ಲಿ ಸಿಕ್ಕ ಬಾಟಲಿಗಳನ್ನೂ ಇಳಿಸಬಹುದು.

ಮುಳ್ಳೋಡಿಗೆ ಇಳಿದ ಮೇಲೆ ಮೊದಲು ಎಣಿಕೆ, ಆಮೇಲೆ ಗೈಡಿಗೆ ಕೂಲಿ, ಆಮೇಲೆ ಚಹಾ. ಘಾಟಿ ಇಳಿಸುವ ಚಾಲಕರು ಬೆಟ್ಟ ಹತ್ತಿದವರಾಗಿರಬಾರದು. ಒಂದೋ ಬಾಡಿಗೆ ವ್ಯಾನ್, ಇಲ್ಲವೇ ಗುಂಪಿನಲ್ಲೊಬ್ಬರು ಕೆಳಗೇ ಉಳಿದು ನಿದ್ದೆ ಮಾಡಿರಬೇಕು. ಮನೆಗೆ ಬಂದು ಶೂ ಒಳಗೆ ಹಳೆ ಪೇಪರ್ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ. ಇಂಬಳ ಕಚ್ಚಿದ ಕಡೆ ಒಂದು ವಾರ ತುರಿಕೆ ಇರುವುದು ಮಾಮೂಲು, ಊದಿ ಕೀವಾದರೆ ತೋರಿಸಿ. ಎರಡು ಮೂರು ವಾರದೊಳಗೆ ಜ್ವರ ಬಂದರೆ, ಕಾಡಿನಲ್ಲಿ ನಡೆದು ಹಳ್ಳದ ನೀರಿನಲ್ಲಿ ನೆನೆದದ್ದನ್ನು ವೈದ್ಯರಿಗೆ ತಾವಾಗಿ ಹೇಳಬೇಕು. ಇಲಿ ಜ್ವರದಂಥವನ್ನು ಬೇಗ ಪತ್ತೆ ಮಾಡಲು ಅವರಿಗೆ ಆ ಮಾತು ಬೇಕು. ಬೆಳಿಗ್ಗೆ ಬಿಟ್ಟ ಹೊತ್ತು, ಒಂಟಿ ಮರ ಮುಟ್ಟಿದ ಹೊತ್ತು, ಯಾವ ಹಳ್ಳ ಎಷ್ಟಿತ್ತು, ಎಲ್ಲಿಂದ ತಿರುಗಿದೆವು, ಇಷ್ಟನ್ನು ಯುವಜನ ಸಂಘದ ಪುಸ್ತಕದಲ್ಲಿ ಆ ವಾರವೇ ಬರೆದಿಡಿ. ಮುಂದಿನ ಜುಲೈಯಲ್ಲಿ ಹೊಸಬರು ಹೊರಡುವಾಗ, ಶಿಖರ ಮುಟ್ಟದೆ ತಿರುಗಿದ ವರ್ಷದ ಪುಟವನ್ನು ಅವರಿಗೆ ಮೊದಲು ಓದಲು ಕೊಡಿ.